ಮರ ಕಡಿದ ಮನೆತನದ ಮನೆ

ಪ್ರೌಢಶಾಲೆಯಲ್ಲಿ ಮೂರು ದಶಕ ಇತಿಹಾಸ ಬೋಧಿಸಿದ ನಾನು, 1864ರಲ್ಲಿ ಭಾರತದ ಅರಣ್ಯ ಇಲಾಖೆ ಸ್ಥಾಪನೆಯಾಯಿತು, ಅದರ ಮೊದಲ ಮುಖ್ಯಸ್ಥರು ಜರ್ಮನಿಯ ಡೀಟ್ರಿಚ್ ಬ್ರಾಂಡಿಸ್ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದಿನ ಪುಟ ತಿರುವುತ್ತಿದ್ದೆ. ಆ ಹೆಸರು ಮತ್ತೆ ನನ್ನನ್ನು ಎದುರುಗೊಂಡದ್ದು ಅಮೆರಿಕದ ಒಂದು ಮನೆಯ ನೆಪದಲ್ಲಿ.

2011ರ ಬೇಸಿಗೆಯಲ್ಲಿ ನ್ಯೂಜೆರ್ಸಿಯ ಮಗನ ಮನೆಯಲ್ಲಿದ್ದಾಗ, ಒಂದು ದಿನ ಡೆಲಾವೇರ್ ನದಿ ದಾಟಿ ಪೆನ್ಸಿಲ್ವೇನಿಯದ ಮಿಲ್ಫರ್ಡ್ ಎಂಬ ಚಿಕ್ಕ ಊರಿಗೆ ಹೋದೆವು. ಅಲ್ಲಿಯ ಗುಡ್ಡದ ಮೇಲೆ ‘ಗ್ರೇ ಟವರ್ಸ್’ ಎಂಬ ಭವನವಿದೆ. ಫ್ರಾನ್ಸಿನ ಕೋಟೆಮನೆಗಳ ಮಾದರಿಯಲ್ಲಿ, ಆ ಸೀಮೆಯದೇ ಕಲ್ಲಿನಿಂದ, ಮೂರು ದುಂಡು ಗೋಪುರಗಳೊಡನೆ 1886ರಲ್ಲಿ ಕಟ್ಟಿದ್ದು. ವಿನ್ಯಾಸಕಾರ ರಿಚರ್ಡ್ ಮೋರಿಸ್ ಹಂಟ್. ಸ್ವಾತಂತ್ರ್ಯದೇವಿಯ ಪ್ರತಿಮೆಯ ಪೀಠವನ್ನು ರೂಪಿಸಿದವರೂ ಅವರೇ.

ಕಟ್ಟಿಸಿದವರು ಜೇಮ್ಸ್ ಪಿಂಚೋ. ಅವರದು ಗೋಡೆಕಾಗದದ ವ್ಯಾಪಾರ. ಆದರೆ ಅವರ ತಂದೆಯ ಕಾಲದಲ್ಲಿ ಮನೆತನದ ಸಂಪತ್ತಿಗೆ ಮೂಲವಾದದ್ದು ಕಾಡು. ಮರ ಕಡಿಯುವುದು, ದಿಮ್ಮಿಗಳನ್ನು ನದಿಯಲ್ಲಿ ತೇಲಿಬಿಡುವುದು, ಬೋಳಾದ ನೆಲವನ್ನು ಬಿಟ್ಟು ಮುಂದೆ ಸಾಗುವುದು ಅಂದಿನ ಪದ್ಧತಿಯಾಗಿತ್ತು. ಇಂದು ಹಸುರಿನ ನಡುವೆ ಕಾಣುವ ಈ ಮನೆ ಎದ್ದಾಗ ಸುತ್ತಲಿನ ಇಳಿಜಾರು ಬೋಳಾಗಿತ್ತಂತೆ. ಆ ತಂದೆಯೇ 1885ರಲ್ಲಿ ಕಾಲೇಜಿಗೆ ಹೊರಟ ಮಗ ಗಿಫರ್ಡನಿಗೆ ಅರಣ್ಯಶಾಸ್ತ್ರವನ್ನು ವೃತ್ತಿಯಾಗಿ ಆರಿಸಿಕೊಳ್ಳುವಂತೆ ಸೂಚಿಸಿದರು. ಅಮೆರಿಕದಲ್ಲಿ ಆಗ ಅದನ್ನು ಕಲಿಸುವ ಶಾಲೆಯೊಂದೂ ಇರಲಿಲ್ಲ.

1889ರಲ್ಲಿ ತರುಣ ಗಿಫರ್ಡ್ ಯುರೋಪಿಗೆ ಹೋಗಿ, ಬಾನ್ ನಗರದಲ್ಲಿ ನಿವೃತ್ತ ಜೀವನ ನಡೆಸುತ್ತಿದ್ದ ನಮ್ಮ ಬ್ರಾಂಡಿಸರನ್ನು ಕಂಡರು. ಬರ್ಮಾದ ತೇಗದ ಕಾಡುಗಳಲ್ಲಿ ದುಡಿದಿದ್ದ ಆ ಹಿರಿಯರ ಸಲಹೆಯಂತೆ ಫ್ರಾನ್ಸಿನ ನಾನ್ಸಿಯ ಅರಣ್ಯ ಶಾಲೆ ಸೇರಿದರು. 1905ರಲ್ಲಿ ಅಮೆರಿಕದ ಅರಣ್ಯ ಸೇವೆಯ ಮೊದಲ ಮುಖ್ಯಸ್ಥರಾದರು. 1910ರಲ್ಲಿ ಅಧ್ಯಕ್ಷ ಟಾಫ್ಟ್ ಅವರನ್ನು ವಜಾ ಮಾಡುವ ವೇಳೆಗೆ ರಾಷ್ಟ್ರೀಯ ಅರಣ್ಯಗಳ ವಿಸ್ತೀರ್ಣ ಸುಮಾರು 5.6 ಕೋಟಿ ಎಕರೆಯಿಂದ 17.2 ಕೋಟಿ ಎಕರೆಗೆ ಏರಿತ್ತು. ಕುಟುಂಬದ ದತ್ತಿಯಿಂದ 1900ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಅರಣ್ಯ ಶಾಲೆ ತೆರೆಯಿತು. ಅದರ ವಿದ್ಯಾರ್ಥಿಗಳು ಬೇಸಿಗೆಯಲ್ಲಿ ಇದೇ ಮಿಲ್ಫರ್ಡಿನ ಜಮೀನಿನಲ್ಲಿ ಬಿಡಾರ ಹೂಡಿ ಪಾಠ ಕಲಿತರು.

ಇನ್ನೊಂದು ಸಂಗತಿ ನನಗೆ ವಿಶೇಷವೆನಿಸಿತು. ತಮ್ಮ ಕಾರ್ಯಕ್ಕೆ ‘ಕನ್ಸರ್ವೇಶನ್’ ಎಂಬ ಹೆಸರು ಹೊಳೆದದ್ದು ಭಾರತದ ಅರಣ್ಯಾಧಿಕಾರಿಗಳ ‘ಕನ್ಸರ್ವೇಟರ್’ ಎಂಬ ಪದವಿನಾಮದ ನೆನಪಿನಿಂದ ಎಂದು ಪಿಂಚೋ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಆದರೆ ಆ ಪದ ಕೇಳಿದೊಡನೆ ನನಗೆ ಹೆಮ್ಮೆಯೊಂದೇ ಮೂಡಲಿಲ್ಲ. 1878ರ ಅರಣ್ಯ ಕಾಯಿದೆ ಕಾಡನ್ನು ಉಳಿಸಿತು, ಜೊತೆಗೆ ಹಳ್ಳಿಗರನ್ನು ಕಾಡಿನಿಂದ ಹೊರಗೂ ಇಟ್ಟಿತು. ಹಳ್ಳಿಗಳಿಗೂ ಅವುಗಳದೇ ಕಾಡು ಇರಬೇಕೆಂಬ ಬ್ರಾಂಡಿಸರ ಆಶಯ ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು. ಮಲೆನಾಡಿನ ನನ್ನ ಬಾಲ್ಯದಲ್ಲಿ, ಗಾರ್ಡ್ ಬಂದನೆಂದು ಸುದ್ದಿಯಾದರೆ ಸೊಪ್ಪಿನ ಹೊರೆಯನ್ನು ಅಲ್ಲಿಯೇ ಬಿಸುಟು ಓಡುತ್ತಿದ್ದ ಹೆಂಗಸರನ್ನು ಕಂಡಿದ್ದೇನೆ. ಕಾಡು ಉಳಿಯಬೇಕು, ನಿಜ. ಯಾರಿಗಾಗಿ ಎಂಬ ಪ್ರಶ್ನೆಯೂ ಉಳಿಯಬೇಕು.

ಗಿಫರ್ಡ್ 1946ರಲ್ಲಿ ತೀರಿಕೊಂಡರು. ಅವರ ಮಗ ಈ ಮನೆಯನ್ನು ಅರಣ್ಯ ಸೇವೆಗೆ ದಾನವಿತ್ತರು. 1963ರ ಸೆಪ್ಟೆಂಬರ್ 24ರಂದು ಅಧ್ಯಕ್ಷ ಕೆನಡಿ ಬಂದು ಅದನ್ನು ಲೋಕಾರ್ಪಣೆ ಮಾಡಿದರು. ಎರಡು ತಿಂಗಳೊಳಗೆ ಅವರ ಹತ್ಯೆಯಾಯಿತು.

ನಮ್ಮ ಹಳೆಯ ಮನೆಯ ಜಗಲಿಯಲ್ಲಿ ನನ್ನ ಅಜ್ಜ ಕಾಡಿನಿಂದ ಕಡಿಸಿ ತಂದ ನಾಲ್ಕು ಹಲಸಿನ ಕಂಬಗಳಿವೆ. ಊರಿಗೆ ಮರಳಿದ ವರ್ಷ ಹಿತ್ತಿಲಿನಾಚೆ ಎಂಟು ಹಲಸಿನ ಸಸಿ ನೆಟ್ಟೆ. ಐದು ಬದುಕಿವೆ.