ಶ್ವೇತಭವನದ ದೈನಂದಿನ ಕಡತಗಳು: ನಿಕ್ಸನ್ ಆಡಳಿತದ ದಾಖಲೆಗಳ ಒಂದು ವಿಮರ್ಶೆ

ಶಾಸನಗಳನ್ನು ಅಭ್ಯಾಸ ಮಾಡಿದವರಿಗೆ ಒಂದು ಸಂಗತಿ ಚಿರಪರಿಚಿತವಾದುದು. ಶಾಸನದ ಮೊದಲಿಗೆ ಬರುವ ಪ್ರಶಸ್ತಿಭಾಗವು ದೊರೆಯ ಪರಾಕ್ರಮವನ್ನು ಕೊಂಡಾಡುತ್ತದೆ. ಅದರಲ್ಲಿ ಸಂಪ್ರದಾಯದ ಮಾತೂ ಅತಿಶಯೋಕ್ತಿಯೂ ಹೆಚ್ಚು. ಅದೇ ಶಾಸನದ ಕಡೆಯಲ್ಲಿ ಕೊಟ್ಟ ಗದ್ದೆಯೆಷ್ಟು, ಅದರ ಎಲ್ಲೆಗಳಾವುವು, ಸಾಕ್ಷಿಗಳಾರು ಎಂಬ ಶುಷ್ಕವಾದ ಪಂಕ್ತಿಗಳಿರುತ್ತವೆ. ಇತಿಹಾಸಕಾರನು ಹೆಚ್ಚಾಗಿ ಅವಲಂಬಿಸುವುದು ಈ ಪಂಕ್ತಿಗಳನ್ನೇ. ಅವನ್ನು ಬರೆದವನಿಗೆ ಚರಿತ್ರೆಯನ್ನು ರಚಿಸುವ ಉದ್ದೇಶವಿರಲಿಲ್ಲ. ನಡೆದ ವ್ಯವಹಾರವನ್ನು ತಪ್ಪಿಲ್ಲದೆ ದಾಖಲಿಸುವುದಷ್ಟೇ ಅವನ ಕೆಲಸವಾಗಿತ್ತು.

ಆಧುನಿಕ ರಾಜ್ಯಗಳ ಇತಿಹಾಸಕ್ಕೂ ಈ ಮಾತು ಸಲ್ಲುತ್ತದೆ. ಅಧ್ಯಕ್ಷರ ಭಾಷಣ, ಘೋಷಣೆ, ಆತ್ಮಕಥೆಗಳು ಪ್ರಶಸ್ತಿಯ ಸ್ಥಾನದಲ್ಲಿ ನಿಂತರೆ, ಅವರ ಕಾರ್ಯಾಲಯದ ದಿನಚರಿ, ದೂರವಾಣಿ ಕರೆಗಳ ಪಟ್ಟಿ, ಟಿಪ್ಪಣಿಗಳ ಅಂಚಿನ ಬರಹ ಇವು ದತ್ತಿಯ ಪಂಕ್ತಿಗಳ ಸ್ಥಾನದಲ್ಲಿ ನಿಲ್ಲುತ್ತವೆ. ಪ್ರಸ್ತುತ ಲೇಖನದಲ್ಲಿ ನಾವು ಅಮೆರಿಕ ಸಂಯುಕ್ತ ಸಂಸ್ಥಾನಗಳ ೩೭ನೆಯ ಅಧ್ಯಕ್ಷನಾದ ರಿಚರ್ಡ್ ನಿಕ್ಸನ್ನನ ಆಡಳಿತಕಾಲದ (೧೯೬೯–೧೯೭೪) ಇಂತಹ ದಾಖಲೆಗಳನ್ನು ಪರಿಶೀಲಿಸಲಿದ್ದೇವೆ. ಅವುಗಳಿಂದ ಏನು ತಿಳಿಯುತ್ತದೆ ಎಂಬುದು ಒಂದು ಪ್ರಶ್ನೆ. ಅವು ಯಾರ ಸ್ವತ್ತು ಎಂಬುದು ಇನ್ನೊಂದು. ಎರಡನೆಯದಕ್ಕೆ ಸರಿಯಾದ ಉತ್ತರ ದೊರೆಯದಿದ್ದರೆ ಮೊದಲನೆಯ ಪ್ರಶ್ನೆಯನ್ನು ಕೇಳಲೂ ಅವಕಾಶವಿರುತ್ತಿರಲಿಲ್ಲವೆಂದು ತೋರಿಸುವುದೇ ನಮ್ಮ ಉದ್ದೇಶ.

ಮೊದಲು ಪೂರ್ವವೃತ್ತಾಂತವನ್ನು ಸಂಗ್ರಹವಾಗಿ ಹೇಳಬಹುದು. ೧೭೯೭ರಲ್ಲಿ ಅಧಿಕಾರವನ್ನು ಬಿಟ್ಟ ಜಾರ್ಜ್ ವಾಷಿಂಗ್ಟನ್ನನು ತನ್ನ ಕಾಗದಪತ್ರಗಳನ್ನು ಮೌಂಟ್ ವರ್ನನ್ನಿನ ತನ್ನ ಮನೆಗೆ ಒಯ್ದನು. ಅಂದಿನಿಂದ ಅಧ್ಯಕ್ಷನ ಕಾಗದಗಳು ಅವನ ಖಾಸಗಿ ಸ್ವತ್ತೆಂಬ ರೂಢಿ ಬೆಳೆಯಿತು. ಅದರ ಫಲ ಶೋಚನೀಯವಾಗಿತ್ತು. ವಾಷಿಂಗ್ಟನ್ನನ ಪತ್ರಗಳನ್ನು ಸಂಪಾದಿಸಲೆಂದು ಪಡೆದ ಜ್ಯಾರೆಡ್ ಸ್ಪಾರ್ಕ್ಸನು ಅವುಗಳಲ್ಲಿ ಕೆಲವನ್ನು ಕತ್ತರಿಸಿ ಸ್ನೇಹಿತರಿಗೆ ನೆನಪಿನ ಕಾಣಿಕೆಗಳಾಗಿ ಹಂಚಿದನು. ಚೆಸ್ಟರ್ ಆರ್ಥರನು ೧೮೮೬ರಲ್ಲಿ, ಸಾಯುವುದಕ್ಕೆ ಸ್ವಲ್ಪ ಮೊದಲು, ತನ್ನ ಕಾಗದಗಳನ್ನು ಸುಡಿಸಿದನು. ಲಿಂಕನ್ನನ ಪತ್ರಗಳು ಅವನ ಮಗ ರಾಬರ್ಟನು ಗತಿಸಿ ೨೧ ವರ್ಷಗಳಾದ ಮೇಲೆ, ೧೯೪೭ರಲ್ಲಿ, ವಿದ್ವಾಂಸರಿಗೆ ದೊರೆತುವು. ಫ್ರಾಂಕ್ಲಿನ್ ರೂಸ್‌ವೆಲ್ಟನು ತನ್ನ ಕಾಗದಗಳಿಗಾಗಿ ಹೈಡ್ ಪಾರ್ಕಿನಲ್ಲಿ ಗ್ರಂಥಾಲಯವನ್ನು ಕಟ್ಟಿಸಿ ಸರ್ಕಾರಕ್ಕೆ ಒಪ್ಪಿಸಿದನು. ಅದರ ಉದ್ಘಾಟನೆ ೧೯೪೧ರಲ್ಲಿ ನಡೆಯಿತು. ೧೯೫೫ರ ಕಾಯಿದೆ ಈ ಪದ್ಧತಿಯನ್ನು ಸ್ಥಿರಪಡಿಸಿತು. ಆದರೂ ಇವೆಲ್ಲ ಕೊಡುಗೆಗಳೇ ಹೊರತು ಕಡ್ಡಾಯವಾದ ಒಪ್ಪಿಸುವಿಕೆಯಲ್ಲ. ಕೊಡದಿದ್ದರೆ ಕೇಳುವ ಹಕ್ಕು ಯಾರಿಗೂ ಇರಲಿಲ್ಲ.

ಇನ್ನು ನಿಕ್ಸನ್ನನ ಕಾಲದ ದಾಖಲೆಗಳ ಸ್ವರೂಪವನ್ನು ನೋಡೋಣ. ಇವುಗಳ ತಳಹದಿ ಅಧ್ಯಕ್ಷನ ದಿನಚರಿ. ಇದು ಅವನು ಸ್ವಹಸ್ತದಿಂದ ಬರೆದುದಲ್ಲ. ರಾಷ್ಟ್ರೀಯ ಪತ್ರಾಗಾರದಿಂದ ಶ್ವೇತಭವನಕ್ಕೆ ನಿಯೋಜಿತರಾದ ಸಿಬ್ಬಂದಿಯು ಅಂಗರಕ್ಷಕರ ವರದಿ, ದ್ವಾರಪಾಲಕರ ಪಟ್ಟಿ, ದೂರವಾಣಿ ವಿನಿಮಯಕೇಂದ್ರದ ಚೀಟಿ, ಭೇಟಿಗಳ ಯಾದಿ ಇವುಗಳನ್ನು ಒಂದರೊಡನೊಂದು ತಾಳೆನೋಡಿ ಸಿದ್ಧಪಡಿಸಿದ ಪಟ್ಟಿ. ಅಧ್ಯಕ್ಷನು ಯಾವ ನಿಮಿಷಕ್ಕೆ ಯಾವ ಕೋಣೆಯಲ್ಲಿದ್ದನು, ಯಾರೊಡನಿದ್ದನು, ಕರೆಯನ್ನು ತಾನು ಮಾಡಿದನೆ ಅಥವಾ ಸ್ವೀಕರಿಸಿದನೆ ಎಂಬುದಕ್ಕೆಲ್ಲ ಅದರಲ್ಲಿ ಬೇರೆಬೇರೆ ಅಂಕಣಗಳಿವೆ. ಏನು ಮಾತಾಡಿದನೆಂಬುದಕ್ಕೆ ಮಾತ್ರ ಅಂಕಣವಿಲ್ಲ.

ಆ ಕೊರತೆಯನ್ನು ತುಂಬುವ ದಾಖಲೆಗಳು ಬೇರೆ ಇವೆ. ಮುಖ್ಯ ಸಹಾಯಕನಾದ ಹಾಲ್ಡಮನ್ನನು ಪ್ರತಿಯೊಂದು ಭೇಟಿಯಲ್ಲಿಯೂ ಹಳದಿಯ ಹಾಳೆಗಳ ಮೇಲೆ ಅಧ್ಯಕ್ಷನ ಮಾತುಗಳನ್ನು ಸಂಕ್ಷೇಪವಾಗಿ ಗುರುತು ಹಾಕಿಕೊಳ್ಳುತ್ತಿದ್ದನು. ದಿನದಿನವೂ ಸಿದ್ಧವಾಗುತ್ತಿದ್ದ ವಾರ್ತಾಸಂಗ್ರಹದ ಅಂಚುಗಳಲ್ಲಿ ನಿಕ್ಸನ್ನನು ಸ್ವತಃ ಬರೆದ ಆಜ್ಞೆಗಳೂ ಉದ್ಗಾರಗಳೂ ಉಳಿದಿವೆ. ತೀರ್ಮಾನಕ್ಕೆಂದು ಬಂದ ಟಿಪ್ಪಣಿಗಳಲ್ಲಿ ಪರ್ಯಾಯ ಸಲಹೆಗಳನ್ನು ಕೊಟ್ಟು, ಒಪ್ಪಿದುದರ ಎದುರಿಗೆ ಅಧ್ಯಕ್ಷನು ತನ್ನ ಹೆಸರಿನ ಮೊದಲಕ್ಷರಗಳನ್ನು ಹಾಕಲು ಸ್ಥಳ ಬಿಡಲಾಗುತ್ತಿತ್ತು. ಇವೆಲ್ಲಕ್ಕೂ ಮಿಗಿಲಾಗಿ, ೧೯೭೧ರ ಫೆಬ್ರವರಿಯಿಂದ ೧೯೭೩ರ ಜುಲೈವರೆಗೆ ಅವನ ಕಾರ್ಯಾಲಯಗಳಲ್ಲಿ ಗುಪ್ತವಾಗಿ ಕೆಲಸ ಮಾಡಿದ ಧ್ವನಿಮುದ್ರಣ ಯಂತ್ರಗಳು ಸುಮಾರು ೩,೭೦೦ ಗಂಟೆಗಳ ಸಂಭಾಷಣೆಯನ್ನು ಸುರುಳಿಗಳಲ್ಲಿ ಹಿಡಿದಿಟ್ಟಿವೆ.

ಈ ದಾಖಲೆಗಳ ಉಪಯುಕ್ತತೆಯನ್ನು ಎರಡು ನಿದರ್ಶನಗಳಿಂದ ಸ್ಪಷ್ಟಪಡಿಸಬಹುದು. ಮೊದಲನೆಯದು ನಮ್ಮ ಉಪಖಂಡಕ್ಕೆ ಸಂಬಂಧಿಸಿದ್ದು. ೧೯೭೧ರ ಮಾರ್ಚ್ ೨೫ರ ರಾತ್ರಿ ಪೂರ್ವ ಪಾಕಿಸ್ತಾನದಲ್ಲಿ ಸೈನಿಕ ದಮನ ಪ್ರಾರಂಭವಾಯಿತು. ಏಪ್ರಿಲ್ ೬ರಂದು ಢಾಕಾದ ಅಮೆರಿಕನ್ ದೂತಕಚೇರಿಯಿಂದ, ಮುಖ್ಯಾಧಿಕಾರಿ ಆರ್ಚರ್ ಬ್ಲಡ್ಡನ ಬೆಂಬಲದೊಡನೆ, ತಮ್ಮ ಸರ್ಕಾರದ ಮೌನವನ್ನು ಖಂಡಿಸುವ ಅಧಿಕಾರಿಗಳ ತಂತಿ ವಾಷಿಂಗ್ಟನ್ನಿಗೆ ಹೋಯಿತು. ಏಪ್ರಿಲ್ ೨೮ರಂದು ಹೆನ್ರಿ ಕಿಸಿಂಜರನು ಅಧ್ಯಕ್ಷನಿಗೆ ಒಂದು ಟಿಪ್ಪಣಿಯನ್ನು ಸಲ್ಲಿಸಿದನು. ಅದರಲ್ಲಿ ಮೂರು ಮಾರ್ಗಗಳನ್ನು ಸೂಚಿಸಲಾಗಿತ್ತು: ಪಶ್ಚಿಮ ಪಾಕಿಸ್ತಾನಕ್ಕೆ ಸಂಪೂರ್ಣ ಬೆಂಬಲ, ನಿಜವಾದ ತಾಟಸ್ಥ್ಯ, ಸಂಧಾನದ ಮೂಲಕ ಕಲಹವನ್ನು ಮುಗಿಸಲು ಯಾಹ್ಯಾಖಾನನಿಗೆ ನೆರವು. ಮೇ ೨ರಂದು ನಿಕ್ಸನ್ನನು ಮೂರನೆಯದನ್ನು ಒಪ್ಪಿ ಅಕ್ಷರ ಹಾಕಿದನು. ಅಷ್ಟಕ್ಕೇ ನಿಲ್ಲದೆ, ಈ ಸಮಯದಲ್ಲಿ ಯಾಹ್ಯಾನ ಮೇಲೆ ಒತ್ತಡ ಹೇರಕೂಡದೆಂದು ಸಮಸ್ತ ಅಧಿಕಾರಿಗಳನ್ನು ಉದ್ದೇಶಿಸಿ ಕೈಬರಹದಲ್ಲಿ ಬರೆದು, ಆ ನಿಷೇಧವಾಚಕ ಪದದ ಕೆಳಗೆ ಮೂರು ಗೆರೆಗಳನ್ನು ಎಳೆದನು.

ಟಿಪ್ಪಣಿಯ ಬೆರಳಚ್ಚಿನ ಭಾಗವನ್ನು ಮಾತ್ರ ಓದಿದವರಿಗೆ ಅದು ಸಂಧಾನದ ನೀತಿಯಂತೆ ತೋರುತ್ತದೆ. ಕೈಬರಹದ ಒಂದು ಸಾಲು ಆ ನೀತಿಯ ಅರ್ಥವನ್ನೇ ಮಾರ್ಪಡಿಸುತ್ತದೆ. ಒತ್ತಡವಿಲ್ಲದ ಸಂಧಾನವೆಂದರೆ ಯಾಹ್ಯಾಖಾನನ ಇಚ್ಛೆಗೆ ಬಿಟ್ಟುಕೊಟ್ಟ ಸಂಧಾನವಲ್ಲದೆ ಬೇರೆಯಲ್ಲ. ಇದಕ್ಕೆ ಕಾರಣವೇನೆಂಬ ಪ್ರಶ್ನೆಗೆ ಇನ್ನೊಂದು ಕಡತದಲ್ಲಿ ಸುಳುಹು ದೊರೆಯುತ್ತದೆ. ಕಿಸಿಂಜರನು ಟಿಪ್ಪಣಿ ಸಲ್ಲಿಸಿದ ಹಿಂದಿನ ದಿನ, ಎಂದರೆ ಏಪ್ರಿಲ್ ೨೭ರಂದು, ಅಮೆರಿಕದ ಪ್ರತಿನಿಧಿಯನ್ನು ಬರಮಾಡಿಕೊಳ್ಳಲು ಸಿದ್ಧವೆಂಬ ಚೀನಾದ ಪ್ರಧಾನಿ ಚೌ ಎನ್‌ಲಾಯ್‌ನ ಸಂದೇಶವು ಪಾಕಿಸ್ತಾನದ ರಾಯಭಾರಿಯ ಮೂಲಕವೇ ಶ್ವೇತಭವನವನ್ನು ಮುಟ್ಟಿತ್ತು. ಈ ಎರಡು ಕಡತಗಳು ಬೇರೆಬೇರೆಯಾಗಿದ್ದಾಗ ಮೌನವಾಗಿರುತ್ತವೆ. ತಾರೀಖಿನ ಕ್ರಮದಲ್ಲಿ ಜೋಡಿಸಿದಾಗ ಮಾತನಾಡುತ್ತವೆ. ಅದೇ ವರ್ಷದ ಡಿಸೆಂಬರಿನಲ್ಲಿ ಯುದ್ಧ ನಡೆಯುತ್ತಿದ್ದಾಗ ಆಡಳಿತವು ಭಾರತವಿರೋಧಿಯಲ್ಲವೆಂದು ಕಿಸಿಂಜರನು ಪತ್ರಕರ್ತರಿಗೆ ಹೇಳಿದನು. ಆದರೆ ಪಾಕಿಸ್ತಾನದ ಕಡೆಗೆ ವಾಲಬೇಕೆಂಬುದೇ ಅಧ್ಯಕ್ಷನ ಇಚ್ಛೆಯೆಂದು ಅವನೇ ಡಿಸೆಂಬರ್ ೩ರ ಸಭೆಯಲ್ಲಿ ಹೇಳಿದ್ದುದು ಆ ಸಭೆಯ ನಡಾವಳಿಯಲ್ಲಿ ದಾಖಲಾಗಿತ್ತು. ಪತ್ರಕರ್ತ ಜ್ಯಾಕ್ ಆಂಡರ್ಸನ್ನನು ಆ ನಡಾವಳಿಯನ್ನು ಬಯಲಿಗೆ ತಂದಾಗ, ಹೊರಗಿನ ಮಾತಿಗೂ ಒಳಗಿನ ಬರಹಕ್ಕೂ ಇದ್ದ ಅಂತರ ಜಗತ್ತಿಗೆ ತಿಳಿಯಿತು.

ಎರಡನೆಯ ನಿದರ್ಶನ ವಾಟರ್‌ಗೇಟ್ ಪ್ರಕರಣದ್ದು. ೧೯೭೨ರ ಜೂನ್ ೧೭ರಂದು ವಿರೋಧ ಪಕ್ಷದ ಕಾರ್ಯಾಲಯಕ್ಕೆ ಕನ್ನ ಹಾಕಿದವರು ಸೆರೆಸಿಕ್ಕರು. ಮೂರು ದಿನಗಳ ಅನಂತರ, ಜೂನ್ ೨೦ರಂದು, ನಿಕ್ಸನ್ನನೂ ಹಾಲ್ಡಮನ್ನನೂ ಏಕಾಂತದಲ್ಲಿ ಮಾತನಾಡಿದರು. ೧೯೭೩ರ ಜುಲೈ ೧೬ರಂದು ಅಲೆಕ್ಸಾಂಡರ್ ಬಟರ್‌ಫೀಲ್ಡನು ಸೆನೆಟ್ಟಿನ ಸಮಿತಿಯ ಮುಂದೆ ಸಾಕ್ಷ್ಯ ಹೇಳಿ, ಧ್ವನಿಮುದ್ರಣದ ಗುಟ್ಟನ್ನು ಹೊರಗೆಡಹಿದನು. ಅನಂತರ ಆ ದಿನದ ಸುರುಳಿಯನ್ನು ಪರೀಕ್ಷಿಸಿದಾಗ ಈ ಸಂಭಾಷಣೆಯ ಭಾಗದಲ್ಲಿ ಹದಿನೆಂಟೂವರೆ ನಿಮಿಷಗಳ ಕಾಲ ಬರಿಯ ಗುಂಯ್‌ಗುಟ್ಟುವಿಕೆಯ ಹೊರತು ಬೇರೇನೂ ಕೇಳಿಸಲಿಲ್ಲ. ಅದರಲ್ಲಿ ಸುಮಾರು ಐದು ನಿಮಿಷಗಳಷ್ಟು ತನ್ನ ಕೈತಪ್ಪಿನಿಂದ ಅಳಿಸಿಹೋಗಿರಬಹುದೆಂದು ಅಧ್ಯಕ್ಷನ ಕಾರ್ಯದರ್ಶಿನಿ ರೋಸ್ ಮೇರಿ ವುಡ್ಸ್ ಎಂಬಾಕೆ ಹೇಳಿದಳು. ಆದರೆ ನ್ಯಾಯಾಲಯದ ಪರವಾಗಿ ಪರಿಶೀಲಿಸಿದ ತಜ್ಞರು ೧೯೭೪ರ ಜನವರಿಯಲ್ಲಿ, ಕಡಮೆಯೆಂದರೂ ಐದು ಬಾರಿ ಬೇರೆಬೇರೆಯಾಗಿ ಅಳಿಸಲಾಗಿದೆಯೆಂದು ವರದಿಯಿತ್ತರು.

ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಸುರುಳಿಯ ಧ್ವನಿ ಅಳಿದರೂ ದಿನಚರಿಯ ಪಂಕ್ತಿ ಅಳಿಯಲಿಲ್ಲ. ಅವರಿಬ್ಬರೂ ಆ ಹೊತ್ತಿನಲ್ಲಿ ಒಂದೇ ಕೋಣೆಯಲ್ಲಿದ್ದರೆಂಬುದಕ್ಕೆ ಅದು ಸಾಕ್ಷಿಯಾಯಿತು. ಹಾಲ್ಡಮನ್ನನ ಹಳದಿಯ ಹಾಳೆಯೂ ಉಳಿಯಿತು. ಕಾರ್ಯಾಲಯದಲ್ಲಿ ಕದ್ದು ಕೇಳುವ ಉಪಕರಣಗಳಿವೆಯೇ ಎಂದು ಪರೀಕ್ಷಿಸಬೇಕು, ಪ್ರಚಾರದ ಮೂಲಕ ಪ್ರತಿದಾಳಿ ನಡೆಸಬೇಕು ಎಂಬ ಅಂಶಗಳು ಅದರಲ್ಲಿವೆ. ಸಂಭಾಷಣೆಯ ಪೂರ್ಣ ಸ್ವರೂಪವನ್ನು ಇವು ತಿಳಿಸಲಾರವು. ಆದರೆ ಅವರು ವಾಟರ್‌ಗೇಟ್ ವಿಷಯವನ್ನು ಕುರಿತು ಮಾತನಾಡಿದರೆಂಬುದನ್ನು ನಿಸ್ಸಂದೇಹವಾಗಿ ತಿಳಿಸುತ್ತವೆ. ಅಪರಾಧ ತನಿಖಾ ಸಂಸ್ಥೆಯ ವಿಚಾರಣೆಯನ್ನು ಕೇಂದ್ರ ಗುಪ್ತಚಾರ ಸಂಸ್ಥೆಯ ಮೂಲಕ ತಡೆಯಬೇಕೆಂಬ ಸಲಹೆಗೆ ನಿಕ್ಸನ್ನನು ಒಪ್ಪಿದ ಜೂನ್ ೨೩ರ ಸಂಭಾಷಣೆಯಾದರೋ ಅಳಿಯದೆ ಉಳಿದಿತ್ತು. ಸುರುಳಿಗಳನ್ನು ಒಪ್ಪಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ೧೯೭೪ರ ಜುಲೈ ೨೪ರಂದು ಏಕಮತದಿಂದ ತೀರ್ಪಿತ್ತಿತು. ಆ ಸಂಭಾಷಣೆ ಆಗಸ್ಟ್ ೫ರಂದು ಪ್ರಕಟವಾಯಿತು. ನಾಲ್ಕು ದಿನಗಳಲ್ಲಿ ನಿಕ್ಸನ್ನನು ಪದವಿಯನ್ನು ತ್ಯಜಿಸಿದನು.

ಹಾಗೆಂದು ದಾಖಲೆಯಲ್ಲಿರುವುದೆಲ್ಲವೂ ನಡೆದ ಸಂಗತಿಯೆಂದು ಭಾವಿಸುವುದು ತಪ್ಪಾಗುತ್ತದೆ. ೧೯೭೧ರ ಜೂನ್ ಕಡೆಯಲ್ಲಿಯೂ ಜುಲೈ ಮೊದಲಿನಲ್ಲಿಯೂ, ವಿಯೆಟ್ನಾಮಿಗೆ ಸಂಬಂಧಿಸಿದ ಕಾಗದಗಳಿಗಾಗಿ ಬ್ರೂಕಿಂಗ್ಸ್ ಸಂಸ್ಥೆಗೆ ನುಗ್ಗಬೇಕೆಂದು ನಿಕ್ಸನ್ನನು ಆಜ್ಞಾಪಿಸುವುದು ಸುರುಳಿಗಳಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಆದರೆ ಆ ಕಾರ್ಯ ನಡೆಯಲಿಲ್ಲ. ಅಧ್ಯಕ್ಷನು ಕೋಪದಲ್ಲಿ ಆಡಿದ ಕೆಲವು ಆಜ್ಞೆಗಳನ್ನು ಸಹಾಯಕರು ಬೇಕೆಂದೇ ತಡಮಾಡಿ ಮರೆಯಿಸುತ್ತಿದ್ದುದೂ ಉಂಟು. ಆದುದರಿಂದ ಆಜ್ಞೆಯಿಂದ ಆಡಿದವನ ಮನಸ್ಸು ತಿಳಿಯುತ್ತದೆ. ಆಡಳಿತದ ಕೃತಿಯನ್ನು ತಿಳಿಯಬೇಕಾದರೆ ಅದರ ಹಿಂದೆ ಹೊರಟ ಕಾಗದಗಳನ್ನು ಹುಡುಕಬೇಕು. ಆಡಿದ ಮಾತು, ಬರೆದ ಆಜ್ಞೆ, ನಡೆದ ಕಾರ್ಯ ಇವು ಮೂರನ್ನೂ ಬೇರ್ಪಡಿಸಿ ನೋಡುವುದು ವಿದ್ಯಾರ್ಥಿಯ ಮೊದಲ ಕರ್ತವ್ಯ.

ಇಷ್ಟೆಲ್ಲ ಸಾಮಗ್ರಿ ನಮಗೆ ದೊರೆತುದು ಅನಾಯಾಸವಾಗಿ ಅಲ್ಲ. ೧೯೭೪ರ ಸೆಪ್ಟೆಂಬರಿನಲ್ಲಿ ನಿಕ್ಸನ್ನನು ಸರ್ಕಾರದ ಸಾಮಾನ್ಯ ಸೇವಾ ಇಲಾಖೆಯೊಡನೆ ಒಂದು ಒಪ್ಪಂದ ಮಾಡಿಕೊಂಡನು. ಅದರ ಪ್ರಕಾರ ಧ್ವನಿಸುರುಳಿಗಳನ್ನು ೧೯೮೪ರಲ್ಲಿ, ಅಥವಾ ಅದಕ್ಕೆ ಮೊದಲೇ ಅವನು ಗತಿಸಿದರೆ ಆಗ, ನಾಶಗೊಳಿಸಬೇಕಾಗಿತ್ತು. ವಾಷಿಂಗ್ಟನ್ನನ ಕಾಲದಿಂದ ನಡೆದುಬಂದ ರೂಢಿಯ ದೃಷ್ಟಿಯಿಂದ ಇದರಲ್ಲಿ ಅಸಾಧಾರಣವಾದುದೇನೂ ಇರಲಿಲ್ಲ. ಆದರೆ ಕಾಂಗ್ರೆಸ್ ಸಭೆಯು ಅದೇ ಡಿಸೆಂಬರಿನಲ್ಲಿ ವಿಶೇಷ ಕಾಯಿದೆಯೊಂದನ್ನು ಮಾಡಿ ಸುಮಾರು ೪.೨ ಕೋಟಿ ಪುಟಗಳ ಕಾಗದಗಳನ್ನೂ ೮೮೦ ಸುರುಳಿಗಳನ್ನೂ ಸರ್ಕಾರದ ವಶಕ್ಕೆ ತೆಗೆದುಕೊಂಡಿತು. ನಿಕ್ಸನ್ನನು ಅದನ್ನು ಪ್ರಶ್ನಿಸಿದಾಗ ಸರ್ವೋಚ್ಚ ನ್ಯಾಯಾಲಯವು ೧೯೭೭ರಲ್ಲಿ, ಏಳು ಮಂದಿ ನ್ಯಾಯಾಧೀಶರ ಬಹುಮತದಿಂದ, ಕಾಯಿದೆಯನ್ನು ಎತ್ತಿಹಿಡಿಯಿತು. ಮರುವರ್ಷ ಕಾಂಗ್ರೆಸ್ ಒಪ್ಪಿದ ಇನ್ನೊಂದು ಕಾಯಿದೆ, ೧೯೮೧ರ ಜನವರಿ ೨೦ರಿಂದ ಮುಂದಕ್ಕೆ ಅಧ್ಯಕ್ಷರ ಅಧಿಕೃತ ದಾಖಲೆಗಳೆಲ್ಲ ರಾಷ್ಟ್ರದ ಸ್ವತ್ತೆಂದು ಸಾರಿತು. ನಿಕ್ಸನ್ನನ ಸುರುಳಿಗಳು ಹಂತಹಂತವಾಗಿ ಪ್ರಕಟಗೊಂಡು, ಕಡೆಯ ಕಂತು ೨೦೧೩ರಲ್ಲಿ ಹೊರಬಂದಿತು.

ಮೇಲಿನ ಪರಿಶೀಲನೆಯಿಂದ ಎರಡು ಅಂಶಗಳು ವಿದಿತವಾಗುತ್ತವೆ. ಒಂದನೆಯದಾಗಿ, ದೈನಂದಿನ ದಾಖಲೆಗಳಲ್ಲಿ ಯಾವುದೊಂದೂ ತಾನಾಗಿ ಪೂರ್ಣಸಾಕ್ಷ್ಯವಲ್ಲ. ದಿನಚರಿ ಸ್ಥಳಕಾಲಗಳನ್ನೂ, ಟಿಪ್ಪಣಿ ತೀರ್ಮಾನವನ್ನೂ, ಅಂಚಿನ ಬರಹ ಮನೋಭಾವವನ್ನೂ, ಸುರುಳಿ ಮಾತನ್ನೂ ತಿಳಿಸುತ್ತವೆ. ಒಂದು ಸುಳ್ಳಾಡಿದಾಗ ಅಥವಾ ಬಾಯಿ ಮುಚ್ಚಿದಾಗ ಮತ್ತೊಂದು ಅದನ್ನು ತಿದ್ದುತ್ತದೆ. ಎರಡನೆಯದಾಗಿ, ಹೀಗೆ ತಿದ್ದುವುದಕ್ಕೆ ಅವೆಲ್ಲವೂ ಒಂದೇ ಕಡೆ, ಅಳಿಸುವ ಅಧಿಕಾರವಿಲ್ಲದವರ ವಶದಲ್ಲಿ ಉಳಿದಿರಬೇಕು. ದಿನಚರಿಯ ಅಂಕಣವನ್ನು ತುಂಬಿದ ಅಪ್ರಸಿದ್ಧ ನೌಕರನು ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡಿದನು. ಆ ಹಾಳೆಯನ್ನು ಉಳಿಸಿಕೊಡುವುದು ಕಾನೂನಿನ ಕೆಲಸ. ತಾಳ್ಮೆಯಿಂದ ಓದಿ, ಪಕ್ಕದ ಹಾಳೆಯೊಡನೆ ಹೋಲಿಸಿ, ಅದು ಹೇಳುವಷ್ಟನ್ನೇ ಹೇಳುವುದು ನಮ್ಮ ಕೆಲಸ.