ಉಗ್ರಾಣಿಯ ಲಿಫ್ಟ್ ಮತ್ತು ಒಂದೇ ಸಾಲಿನ ಕಥೆ



ಕಂಪ್ಯೂಟರಿನಲ್ಲಿ ಒಂದು ಹಾಡಿನ ಮೇಲೆ ಕ್ಲಿಕ್ ಮಾಡುತ್ತೀರಿ, ಹಾಡು ಶುರುವಾಗುತ್ತದೆ. ನಡುವೆ ಯಾರೋ ಎದ್ದು ಹೋಗಿ, ಉಗ್ರಾಣದಲ್ಲಿ ಹುಡುಕಿ, ಅದನ್ನು ತಂದುಕೊಟ್ಟದ್ದು ನಮ್ಮ ಗಮನಕ್ಕೆ ಬರುವುದೇ ಇಲ್ಲ. ಆ ಉಗ್ರಾಣಿಯ ಹೆಸರು ಕರ್ನೆಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು. ಯಾವ ಪ್ರೋಗ್ರಾಮೂ ತಾನಾಗಿ ಡಿಸ್ಕಿಗೆ ಕೈ ಹಾಕುವಂತಿಲ್ಲ. ಚೀಟಿ ಬರೆದು ಇವನ ಕೈಗೆ ಕೊಡಬೇಕು, ಇವನೇ ತಂದುಕೊಡಬೇಕು. ಈ ಉಗ್ರಾಣಿ ನಲವತ್ತು ಐವತ್ತು ವರ್ಷ ಕಷ್ಟಪಟ್ಟು ಕಲಿತ ಜಾಣತನವೇ ಒಂದು ದಿನ ಅವನಿಗೆ ಹೊರೆಯಾಯಿತು. ಆ ಕಥೆಯನ್ನು ಈ ಸಲ ನಿಮಗೆ ಹೇಳಬೇಕೆನಿಸಿತು.

ರೇಡಿಯೋದವರಿಗೆ ಟೇಪಿನ ಕಷ್ಟ ಗೊತ್ತು. ಹಳೆಯ ಸ್ಪೂಲಿನ ನಡುವೆ ಇರುವ ಒಂದು ಮಾತು ಬೇಕಾದರೆ ಅಲ್ಲಿಯವರೆಗೆ ಸುತ್ತಲೇಬೇಕು. ಕಂಪ್ಯೂಟರಿಗೂ ಇದೇ ಪಾಡಿತ್ತು. 1956ರಲ್ಲಿ ಐಬಿಎಂ ಕಂಪನಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ತಯಾರಿಸಿದ ರಾಮ್ಯಾಕ್ ಯಂತ್ರ ಅದನ್ನು ಬದಲಿಸಿತು. 24 ಅಂಗುಲ ಅಗಲದ 50 ತಟ್ಟೆಗಳು ಒಂದರ ಮೇಲೊಂದು ತಿರುಗುತ್ತಿದ್ದವು. ಅಷ್ಟಕ್ಕೂ ಸೇರಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಈಗ ಅಷ್ಟರಲ್ಲಿ ಒಂದೇ ಒಂದು ಹಾಡು ಕೂರುತ್ತದೆ! ಓದುವ ತೋಳು ನಿಜವಾಗಿಯೂ ಲಿಫ್ಟಿನಂತೆ ಮೇಲೆ ಕೆಳಗೆ ಓಡಾಡಿ, ಬೇಕಾದ ತಟ್ಟೆಯ ಎದುರು ನಿಂತು ಒಳಗೆ ತೂರುತ್ತಿತ್ತು. ಒಂದು ಸಲ ಹುಡುಕಿ ತರಲು ಸರಾಸರಿ ಅರ್ಧ ಸೆಕೆಂಡಿಗೂ ಹೆಚ್ಚು ಬೇಕಾಗುತ್ತಿತ್ತು.

ಡಿಸ್ಕುಗಳು ಚಿಕ್ಕದಾದವು, ಅಗ್ಗವಾದವು, ಆದರೆ ತಟ್ಟೆ ತಿರುಗುವುದು, ತೋಳು ಚಲಿಸುವುದು ತಪ್ಪಲಿಲ್ಲ. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕು ಒಂದು ಸುತ್ತಿಗೆ ಎಂಟು ಮಿಲಿಸೆಕೆಂಡಿಗಿಂತ ತುಸು ಹೆಚ್ಚು ತೆಗೆದುಕೊಳ್ಳುತ್ತದೆ. ತೋಳಿನ ಓಡಾಟ ಬೇರೆ. ಎಲ್ಲ ಸೇರಿ ಹತ್ತು ಮಿಲಿಸೆಕೆಂಡ್ ಎನ್ನಿ. ನಮಗೆ ಅದು ಕಣ್ಣು ಮಿಟುಕಿಸುವುದಕ್ಕೂ ಸಾಲದು. ಎರಡು ಗಿಗಾಹರ್ಟ್ಸ್ ಪ್ರೊಸೆಸರಿಗಾದರೋ ಅಷ್ಟರಲ್ಲಿ ಎರಡು ಕೋಟಿ ಬಡಿತ ಕಳೆದುಹೋಗಿರುತ್ತದೆ. ಹೀಗಾಗಿ ಉಗ್ರಾಣಿಯ ಕೆಲಸವೆಲ್ಲ ಒಂದೇ ಆಯಿತು: ತೋಳನ್ನು ಆದಷ್ಟು ಕಡಿಮೆ ಓಡಾಡಿಸುವುದು.

ಅದಕ್ಕೆ ಅವನು ಹಿಡಿದ ದಾರಿ ನಿಮ್ಮ ಕಟ್ಟಡದ ಲಿಫ್ಟಿನದೇ. ಮೊದಲು ಹನ್ನೆರಡನೇ ಮಹಡಿಯವರು ಗುಂಡಿ ಒತ್ತಿದರು, ಆಮೇಲೆ ಎರಡನೆಯವರು, ಆಮೇಲೆ ಹನ್ನೊಂದನೆಯವರು ಎಂದು ಲಿಫ್ಟು ಅದೇ ಕ್ರಮದಲ್ಲಿ ಓಡಿದರೆ ಯಾರೂ ಆಫೀಸು ಮುಟ್ಟುವುದಿಲ್ಲ. ಅದು ಮೇಲೆ ಹೋಗುತ್ತಾ ದಾರಿಯಲ್ಲಿರುವವರನ್ನು ಹತ್ತಿಸಿಕೊಂಡು, ಇಳಿಯುತ್ತಾ ಉಳಿದವರನ್ನು ಕರೆತರುತ್ತದೆ. ಕರ್ನೆಲ್ಲೂ ಬಂದ ಚೀಟಿಗಳನ್ನೆಲ್ಲ ಒಂದು ಸಾಲಿನಲ್ಲಿ ಜೋಡಿಸಿ, ಡಿಸ್ಕಿನ ಮೇಲಿನ ಜಾಗದ ಕ್ರಮದಲ್ಲಿ ವಿಂಗಡಿಸಿ ಕಳಿಸತೊಡಗಿತು. ತಜ್ಞರು ಈ ವಿಧಾನವನ್ನು ಎಲಿವೇಟರ್ ಎಂದೇ ಕರೆದರು.

ತೊಂದರೆಯೂ ಲಿಫ್ಟಿನದೇ. ಕೆಳಗಿನ ಮಹಡಿಗಳಲ್ಲೇ ಜನ ಹತ್ತಿ ಇಳಿಯುತ್ತಿದ್ದರೆ ತುದಿಯಲ್ಲಿರುವ ಬಡಪಾಯಿಯ ಸರದಿ ಬರುವುದೇ ಇಲ್ಲ. ಡೆನ್ಮಾರ್ಕಿನ ಯೆನ್ಸ್ ಆಕ್ಸ್‌ಬೋ ಎಂಬ ಪ್ರೋಗ್ರಾಮರ್ ಲಿನಕ್ಸ್ ಕರ್ನೆಲ್ಲಿಗೆ ಡೆಡ್‌ಲೈನ್ ಎಂಬ ಹೊಸ ಕ್ರಮ ಬರೆದರು. ಓದುವ ಚೀಟಿಗೆ ಅರ್ಧ ಸೆಕೆಂಡು, ಬರೆಯುವ ಚೀಟಿಗೆ ಐದು ಸೆಕೆಂಡು ಗಡುವು. ಗಡುವು ಮೀರಿದ ಚೀಟಿಗೆ ಮೊದಲ ಮರ್ಯಾದೆ. 2001ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಸೀತಾರಾಮ್ ಅಯ್ಯರ್ ಮತ್ತು ಪೀಟರ್ ಡ್ರುಶೆಲ್ ಇನ್ನೊಂದು ಉಪಾಯ ತೋರಿಸಿದ್ದರು. ಒಂದು ಚೀಟಿ ಮುಗಿದ ಕೂಡಲೇ ದೂರಕ್ಕೆ ಓಡಬೇಡಿ, ಅದೇ ಪ್ರೋಗ್ರಾಮಿನಿಂದ ಪಕ್ಕದ ಜಾಗದ ಚೀಟಿ ಬರಬಹುದು, ಒಂದು ಕ್ಷಣ ಸುಮ್ಮನೆ ನಿಲ್ಲಿ ಎಂದು. ಓಡಿ ಬರುತ್ತಿರುವವರನ್ನು ಕಂಡು ಗಂಟೆ ಬಾರಿಸದೆ ನಿಲ್ಲುವ ಬೆಸ್ಟ್ ಬಸ್ ಕಂಡಕ್ಟರನ ಜಾಣತನ ಇದು. ಕೆಲವು ವರ್ಷ ಲಿನಕ್ಸ್ ಇದನ್ನೇ ನೆಚ್ಚಿಕೊಂಡಿತ್ತು. 2006ರಲ್ಲಿ ಆ ಜಾಗಕ್ಕೆ ಆಕ್ಸ್‌ಬೋ ಅವರದೇ ಸಿಎಫ್‌ಕ್ಯೂ ಬಂತು. ಅದು ಎಲ್ಲರಿಗೂ ಸಮನಾಗಿ ಸರದಿ ಹಂಚುವ ಕ್ರಮ.

ಅಷ್ಟರಲ್ಲಿ ತೋಳೇ ಇಲ್ಲದ ಉಗ್ರಾಣ ಬಾಗಿಲಿಗೆ ಬಂದಿತ್ತು. ಜಪಾನಿನ ತೋಷಿಬಾ ಕಂಪನಿಯ ಫುಜಿಯೊ ಮಾಸುವೋಕಾ 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಶ್ ಮೆಮೊರಿ ಮೊದಲು ಕ್ಯಾಮೆರಾ, ಪೆನ್‌ಡ್ರೈವ್‌ಗಳಿಗೆ, ಆಮೇಲೆ ಎಸ್‌ಎಸ್‌ಡಿ ಎಂಬ ಹೆಸರಿನಲ್ಲಿ ಡಿಸ್ಕಿನ ಜಾಗಕ್ಕೆ ಬಂತು. ತಿರುಗುವ ತಟ್ಟೆಯೂ ಇಲ್ಲ, ಚಲಿಸುವ ತೋಳೂ ಇಲ್ಲ, ಎಲ್ಲ ಮಹಡಿಯೂ ಒಂದೇ ದೂರ. ಲಿಫ್ಟಿನ ಲೆಕ್ಕಾಚಾರಕ್ಕೆ ಅರ್ಥವೇ ಉಳಿಯಲಿಲ್ಲ. ಆದರೂ ಮೊದಮೊದಲು ಅದು ಹಳೆಯ ಡಿಸ್ಕಿನ ವೇಷದಲ್ಲೇ ಬಂದದ್ದರಿಂದ ಒಂದೇ ಸಾಲು, ಅದರಲ್ಲಿ 32 ಚೀಟಿ ಎಂಬ ನಿಯಮವೇ ನಡೆಯುತ್ತಿತ್ತು. 2011ರಲ್ಲಿ ಎನ್‌ವಿಎಂಇ ಎಂಬ ಹೊಸ ನಿಯಮಾವಳಿ ಆ ವೇಷ ಕಳಚಿತು. ಅದರ ಪ್ರಕಾರ ಒಂದು ಸಾಧನ 65 ಸಾವಿರದವರೆಗೆ ಸಾಲುಗಳನ್ನು ಇಟ್ಟುಕೊಳ್ಳಬಹುದು, ಒಂದೊಂದರಲ್ಲೂ ಅಷ್ಟೇ ಚೀಟಿ!

ಈಗ ಕಂಪ್ಯೂಟರಿನ ಒಳಗೆ ನೋಡಿ. ಪ್ರೊಸೆಸರಿನಲ್ಲಿ ನಾಲ್ಕು, ಎಂಟು, ಹದಿನಾರು ಕೋರ್‌ಗಳು ಒಟ್ಟಿಗೆ ದುಡಿಯುತ್ತಿವೆ. ಆಚೆ ಸಾವಿರಾರು ಕಿಟಕಿ ತೆರೆದ ಉಗ್ರಾಣ. ನಡುವೆ ಕರ್ನೆಲ್ಲಿನ ಆ ಒಂದೇ ಸಾಲು, ಅದಕ್ಕೊಂದೇ ಬೀಗ. ಒಂದು ಕೋರ್ ಚೀಟಿ ಇಡುವಾಗ ಉಳಿದವು ಬೀಗಕ್ಕಾಗಿ ಕಾಯಬೇಕು. ದಾದರ್ ಸ್ಟೇಷನ್ನಿನಲ್ಲಿ ಟಿಕೆಟಿನ ಕಿಟಕಿಗಳೆಲ್ಲ ತೆರೆದಿದ್ದೂ, ಅಲ್ಲಿಗೆ ಹೋಗಲು ಒಬ್ಬರೇ ನುಸುಳುವ ಒಂದು ಗೇಟು ಇಟ್ಟರೆ ಹೇಗೆ? ಡಿಸ್ಕು ನಿಧಾನವಾಗಿದ್ದಾಗ ಈ ಗೇಟು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸೆಕೆಂಡಿಗೆ ನೂರು ಚೀಟಿ ಬರುವಲ್ಲಿ ಗೇಟು ಎಷ್ಟಿದ್ದರೇನು? ಲಕ್ಷಗಟ್ಟಲೆ ಬರತೊಡಗಿದಾಗ ಅದೇ ಎಲ್ಲಕ್ಕಿಂತ ನಿಧಾನದ ಜಾಗವಾಯಿತು.

2013ರಲ್ಲಿ ನಾಲ್ವರು ಸೇರಿ ಒಂದು ಪ್ರಬಂಧ ಮಂಡಿಸಿ ಇದನ್ನು ಅಳೆದು ತೋರಿಸಿದರು. ಪ್ರತಿ ಕೋರಿಗೂ ಅದರದೇ ಸಾಲು ಕೊಡಿ, ಅವುಗಳನ್ನು ಸಾಧನದ ಸಾಲುಗಳಿಗೆ ಜೋಡಿಸಿ ಎಂಬುದು ಅವರ ಸಲಹೆ. ನಾಲ್ವರಲ್ಲಿ ಒಬ್ಬರು ಅದೇ ಯೆನ್ಸ್ ಆಕ್ಸ್‌ಬೋ. ತಾನು ವರ್ಷಗಟ್ಟಲೆ ಜೋಪಾನ ಮಾಡಿದ ಮನೆಯ ಗೋಡೆಯನ್ನು ತಾನೇ ಕೆಡವಲು ಹೊರಟವರು. ಈ ಇಡೀ ಕಥೆಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದೇ. 2014ರ ಜನವರಿಯ ಲಿನಕ್ಸ್ 3.13ರಲ್ಲಿ ಬಹುಸಾಲಿನ ವ್ಯವಸ್ಥೆ ಸೇರಿತು. ಒಂದೊಂದೇ ಸಾಧನವನ್ನು ಅದಕ್ಕೆ ದಾಟಿಸಲು ಐದು ವರ್ಷ ಹಿಡಿಯಿತು. 2019ರ ಮಾರ್ಚಿನ 5.0ರಲ್ಲಿ ಹಳೆಯ ಒಂದೇ ಸಾಲಿನ ದಾರಿ ಪೂರ್ತಿ ಹೋಯಿತು, ಜೊತೆಗೆ ಸಿಎಫ್‌ಕ್ಯೂ ಕೂಡ. ತಿರುಗುವ ಡಿಸ್ಕು ಮಾತ್ರ ಸತ್ತಿಲ್ಲ. ದೊಡ್ಡ ಡೇಟಾ ಕೇಂದ್ರಗಳಲ್ಲಿ ಅಗ್ಗದ ಸಂಗ್ರಹಕ್ಕೆ ಅದೇ ಬೇಕು, ಹಾಗಾಗಿ ಗಡುವಿನ ಕ್ರಮ ಹೊಸ ಮನೆಯಲ್ಲೂ ಒಂದು ಕೋಣೆ ಪಡೆದಿದೆ.

ಅದೇ ವರ್ಷದ ಮೇ ತಿಂಗಳಲ್ಲಿ ಆಕ್ಸ್‌ಬೋ ಐಓ-ಯುರಿಂಗ್ ತಂದರು. ಪ್ರೋಗ್ರಾಮು ಮತ್ತು ಕರ್ನೆಲ್ ಇಬ್ಬರಿಗೂ ಕಾಣುವ ಕಟ್ಟೆಯ ಮೇಲೆ ಚೀಟಿ ಇಟ್ಟು ಹೋಗುವುದು, ಉತ್ತರವನ್ನೂ ಅಲ್ಲಿಂದಲೇ ಎತ್ತಿಕೊಳ್ಳುವುದು. ಪ್ರತಿ ಸಲ ಬಾಗಿಲು ತಟ್ಟಬೇಕಿಲ್ಲ. ಬೇಗ ಆಯಿತು, ನಿಜ. ಕಳ್ಳರಿಗೂ ದಾರಿಯಾಯಿತು. ಕರ್ನೆಲ್ಲಿನ ಲೋಪ ಹುಡುಕಿದವರಿಗೆ ಬಹುಮಾನ ಕೊಡುವ ತನ್ನ ಯೋಜನೆಗೆ ಬಂದ ದಾಳಿಗಳಲ್ಲಿ ಶೇ. 60 ಇದರ ಮೂಲಕವೇ ಆಗಿದ್ದವು ಎಂದು 2023ರಲ್ಲಿ ಗೂಗಲ್ ಹೇಳಿತು, ತನ್ನ ಸರ್ವರುಗಳಲ್ಲಿ ಅದನ್ನು ನಿಲ್ಲಿಸಿತು.

ನಿಧಾನದ ಕಾಲದ ಒಂದು ಅಭ್ಯಾಸ ಮಾತ್ರ ಹಾಗೆಯೇ ಇದೆ, ಅದು ನಿಮಗೂ ನನಗೂ ಸಂಬಂಧಿಸಿದ್ದು. ನೀವು ಬರೆಯಲು ಕೊಟ್ಟದ್ದನ್ನು ಕರ್ನೆಲ್ ಸಾಮಾನ್ಯವಾಗಿ ಮೊದಲು ಮೆಮೊರಿಯಲ್ಲಿ ಇಟ್ಟುಕೊಂಡು, "ಆಯಿತು" ಎಂದುಬಿಡುತ್ತದೆ. ನಿಜವಾಗಿ ಬರೆಯುವುದು ಆಮೇಲೆ. ಲಿನಕ್ಸಿನಲ್ಲಿ ಮೂವತ್ತು ಸೆಕೆಂಡು ಕಳೆದರೂ ಕಳೆಯಬಹುದು. ಈಗಲೇ ಬರೆ ಎಂದು ಪ್ರೋಗ್ರಾಮು ಒತ್ತಾಯಿಸಲು ಎಫ್‌ಸಿಂಕ್ ಎಂಬ ಆಜ್ಞೆ ಇದೆ. 2018ರಲ್ಲಿ ಪೋಸ್ಟ್‌ಗ್ರೆಸ್ ಎಂಬ ಪ್ರಸಿದ್ಧ ಡೇಟಾಬೇಸ್ ಕಟ್ಟುವವರಿಗೆ ಒಂದು ಸಂಗತಿ ತಿಳಿದು ಎದೆ ಧಸಕ್ಕೆಂದಿತು. ಬರೆಯುವಾಗ ತಪ್ಪಾದರೆ ಲಿನಕ್ಸ್ ಒಂದು ಸಲ ಮಾತ್ರ ಹೇಳುತ್ತಿತ್ತು. ಮತ್ತೆ ಕೇಳಿದರೆ, ಬರೆಯದೇ ಉಳಿದದ್ದನ್ನು ಮರೆತು, ಎಲ್ಲ ಸರಿಯಾಗಿದೆ ಎನ್ನುತ್ತಿತ್ತು. ಮುಂದಿನ ವರ್ಷದಿಂದ ಅವರ ಡೇಟಾಬೇಸು ಆ ಮೊದಲ ತಪ್ಪು ಕೇಳಿದ ಕೂಡಲೇ ತನ್ನನ್ನು ತಾನೇ ನಿಲ್ಲಿಸಿಕೊಂಡು, ದಿನಚರಿ ಪುಸ್ತಕದಿಂದ ಎಲ್ಲವನ್ನೂ ಮತ್ತೆ ಬರೆಯುತ್ತದೆ. ಪೆನ್‌ಡ್ರೈವ್ ಕೀಳುವ ಮುನ್ನ "ಸುರಕ್ಷಿತವಾಗಿ ತೆಗೆಯಿರಿ" ಎಂಬ ಗುಂಡಿ ಒತ್ತಿ ಎಂದು ಮಕ್ಕಳು ನಿಮಗೆ ಹೇಳುವುದೂ, ಉಗ್ರಾಣಿಯ ಕೈಯಲ್ಲಿ ಇನ್ನೂ ಉಳಿದಿರಬಹುದಾದ ಚೀಟಿಗಳಿಗಾಗಿಯೇ.