ತೊಗರಿ ಕಾಳಿನಷ್ಟು ಕಣ್ಣು

2014ರ ಹೊಸ ವರ್ಷದ ದಿನವೇ ಎಳ್ಳ ಅಮಾವಾಸ್ಯೆ ಬಂದಿತ್ತು. ಅಫಜಲಪುರ ತಾಲೂಕಿನ ನಮ್ಮ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ ಉಂಡು, ಹೊತ್ತು ಮುಳುಗುವಾಗ ಮನೆಗೆ ಹೊರಟಿದ್ದೆವು. ಮುತ್ಯಾ ಮಾತ್ರ ಭೀಮಾ ನದಿ ಕಡೆಯ ಬದುವಿನ ಮೇಲೆ ನಿಂತಿದ್ದ. ನನ್ನ ಕೈಯಲ್ಲಿ ಬೆಂಗಳೂರಿನ ಸಂಬಳದಲ್ಲಿ ಕೊಂಡ 50 ಪಟ್ಟು ಝೂಮಿನ ಕ್ಯಾಮೆರಾ. ನಿಂತಲ್ಲಿಂದಲೇ ಎಳೆದೆ. ಮುತ್ಯಾ ಪಟಗಾ ಸಮೇತ ಪರದೆ ತುಂಬ ಬಂದ. ಕ್ಲಿಕ್ಕಿಸಿದೆ.

ಮುಂದಿನ ಎಳ್ಳ ಅಮಾವಾಸ್ಯೆಗೆ ಅವನಿರಲಿಲ್ಲ. ಅವನದು ಬೇರೆ ಫೋಟೋನೂ ಇರಲಿಲ್ಲ. ದೊಡ್ಡದು ಮಾಡಿಸೋಣವೆಂದು ಆಳಂದದ ಅಕ್ಕನ ಮನೆಗೆ ಹೋದಾಗ ಅಲ್ಲಿಯ ಸ್ಟುಡಿಯೋಕ್ಕೆ ಕೊಟ್ಟೆ. ಹುಡುಗ ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿ, "ಸರ್, ಇದರಾಗ ಮಾಲೇ ಇಲ್ರಿ" ಅಂದ. ಮುಖದ ನೆರಿಗೆ, ಮೀಸೆಯ ಕೂದಲು ಎಲ್ಲ ಕರಗಿ ಎಣ್ಣೆಬಣ್ಣ ಬಳಿದಂತೆ ಇತ್ತು. 16 ಮೆಗಾಪಿಕ್ಸೆಲ್ ಅಂತ ಡಬ್ಬಿ ಮೇಲೆ ಬರೆದಿತ್ತಲ್ಲ, ಎಲ್ಲಿಗೆ ಹೋಯಿತು?

ಬಿ.ಇ. ಓದಿದವನಿಗೆ ಅವಮಾನವಾಯಿತು ಅನ್ನಿ. ಹುಡುಕುತ್ತಾ ಕೂತೆ.

ಡಬ್ಬಿ ಮೇಲೆ ಸೆನ್ಸರ್ 1/2.3 ಇಂಚು ಎಂದಿರುತ್ತದೆ. ಲೆಕ್ಕ ಹಾಕಿದರೆ 11 ಮಿ.ಮೀ. ಆಗಬೇಕು. ನಿಜವಾದ ಕರ್ಣ 8 ಮಿ.ಮೀ. ಕೂಡ ಇಲ್ಲ. ಇದು 1950ರ ದಶಕದ ಟಿ.ವಿ. ಕ್ಯಾಮೆರಾಗಳ ವಿಡಿಕಾನ್ ಕೊಳವೆಗಳ ಕಾಲದಿಂದ ಬಂದ ಅಳತೆ. ಒಂದು ಇಂಚು ಅಂದರೆ ಗಾಜಿನ ಕೊಳವೆಯ ಹೊರಗಿನ ದಪ್ಪ. ಒಳಗೆ ಚಿತ್ರ ಮೂಡುವ ಜಾಗ ಸುಮಾರು 16 ಮಿ.ಮೀ. ಅಷ್ಟೇ. ಕೊಳವೆಗಳು ಹೋದವು, ಅಳತೆ ಉಳಿಯಿತು. ನನ್ನ ಕ್ಯಾಮೆರಾದ ಸೆನ್ಸರ್ ಸುಮಾರು 6.2 x 4.6 ಮಿ.ಮೀ., ಹೆಚ್ಚು ಕಡಿಮೆ ನಮ್ಮ ಹೊಲದ ಒಂದು ತೊಗರಿ ಕಾಳು. 35 ಮಿ.ಮೀ. ಫಿಲ್ಮಿನ ಚೌಕಟ್ಟು ಇದರ 30 ಪಟ್ಟು.

2000ದಲ್ಲಿ ಬಂದ ಒಲಿಂಪಸ್ ಸಿ-2100 ಕ್ಯಾಮೆರಾದಲ್ಲಿ 10 ಪಟ್ಟು ಝೂಮ್, 2 ಮೆಗಾಪಿಕ್ಸೆಲ್ ಇದ್ದವು. ಹದಿಮೂರು ವರ್ಷದಲ್ಲಿ ಪಿಕ್ಸೆಲ್ ಎಂಟು ಪಟ್ಟಾದವು, ಸೆನ್ಸರ್ ಮಾತ್ರ ಬೆಳೆಯಲಿಲ್ಲ, ತುಸು ಸಣ್ಣದೇ ಆಯಿತು. ಎರಡೆಕರೆ ಹೊಲವನ್ನು ಎಂಟು ಮಂದಿ ಅಣ್ತಮ್ಮಂದಿರು ಹಿಸ್ಸಾ ಮಾಡಿಕೊಂಡ ಹಾಗೆ. ಪಹಣಿಯಲ್ಲಿ ಹೆಸರು ಹೆಚ್ಚಾದವು, ಬೆಳೆ ಹೆಚ್ಚಾಗಲಿಲ್ಲ.

ಇಲ್ಲಿ ಬೆಳೆ ಅಂದರೆ ಬೆಳಕು. ಅದು ಮಳೆ ಹನಿಯ ಹಾಗೆ ಬಿಡಿಬಿಡಿಯಾಗಿ ಬೀಳುತ್ತದೆ. ಹತ್ತು ಸಾವಿರ ಹನಿ ಬೀಳುವ ಪಾತ್ರೆಯಲ್ಲಿ ಏರುಪೇರು ಸುಮಾರು ನೂರು, ಅಂದರೆ ಶೇ. 1. ನೂರೇ ಹನಿ ಬಿದ್ದರೆ ಏರುಪೇರು ಹತ್ತು, ಶೇ. 10. ಅದೇ ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಾಣುತ್ತದೆ. ಕ್ಯಾಮೆರಾದ ಸಾಫ್ಟ್‌ವೇರ್ ಅದನ್ನು ಒರೆಸಲು ಹೋಗಿ ಮುತ್ಯಾನ ನೆರಿಗೆಯನ್ನೂ ಒರೆಸಿತ್ತು. (ನಮ್ಮ ಕಸುಬಿನವರದೇ ಕೆಲಸ, ಯಾರನ್ನು ಬೈಯಲಿ?) ಒರೆಸುವ ಮೊದಲಿನ ರಾ ಫೈಲ್ ಉಳಿಸುವ ಸೌಲಭ್ಯ ನನ್ನ ಕ್ಯಾಮೆರಾದಲ್ಲಿ ಇರಲಿಲ್ಲ.

ಇನ್ನೊಂದು ಮಿತಿ 1835ರಷ್ಟು ಹಳೆಯದು. ಸಣ್ಣ ಕಿಂಡಿಯಲ್ಲಿ ತೂರಿದ ಬೆಳಕು ಚುಕ್ಕಿಯಾಗಿ ನಿಲ್ಲದೆ ಬಿಲ್ಲೆಯಾಗಿ ಹರಡುತ್ತದೆ ಎಂದು ಆ ವರ್ಷ ಜಾರ್ಜ್ ಏರಿ ಲೆಕ್ಕ ಹಾಕಿ ತೋರಿಸಿದ್ದ. 2015ರಲ್ಲಿ ಬಂದ 83 ಪಟ್ಟಿನ ನಿಕಾನ್ ಪಿ900 ತೆಗೆದುಕೊಳ್ಳಿ. ಪೂರ್ತಿ ಝೂಮಿನಲ್ಲಿ ಎಫ್/6.5. ಬಿಲ್ಲೆ ಸುಮಾರು 8.7 ಮೈಕ್ರಾನ್, ಪಿಕ್ಸೆಲ್ 1.3 ಮೈಕ್ರಾನ್. ಒಂದು ಚುಕ್ಕಿ ಆರಕ್ಕಿಂತ ಹೆಚ್ಚು ಪಿಕ್ಸೆಲ್ ಅಗಲಕ್ಕೆ ಮೆತ್ತಿಕೊಳ್ಳುತ್ತದೆ. 2018ರ 125 ಪಟ್ಟಿನ ಪಿ1000ದಲ್ಲಿ ಅದು ಎಫ್/8, ಬಿಲ್ಲೆ ಇನ್ನೂ ದೊಡ್ಡದು. ಹಾಗಾದರೆ ಇವು ತೆಗೆದ ಚಂದ್ರನ ಕುಳಿಗಳು ಅಷ್ಟು ಚಂದ ಯಾಕೆ? ಚಂದ್ರನ ಮೇಲೆ ಬಿದ್ದಿರುವುದು ಹಗಲಿನ ಬಿಸಿಲೇ ಅಲ್ಲವೇ. ಮುತ್ಯಾ ನಿಂತಿದ್ದು ಮಬ್ಬುಗತ್ತಲಲ್ಲಿ.

ಹಾಗಂತ ಬಿಸಿಲಿದ್ದರೆ ಸಾಕು ಅನ್ನುವಂತೆಯೂ ಇಲ್ಲ. ಮೇ ತಿಂಗಳ ಮಧ್ಯಾಹ್ನ ಜೇವರ್ಗಿ ತಾಲೂಕಿನ ಕಟ್ಟಿಸಂಗಾವಿ ಸೇತುವೆ ಮೇಲಿಂದ ದೂರದ ಬೆಳ್ಳಕ್ಕಿ ತೆಗೆದು ನೋಡಿದೆ. ಕಾದ ಗಾಳಿ ಕುಣಿದು ಹಕ್ಕಿಯೇ ನೀರಲ್ಲಿ ಅಲುಗಾಡಿದಂತೆ ಬಂತು. ಅದಕ್ಕೆ ಎಂಥಾ ಸೆನ್ಸರ್ ಇದ್ದರೂ ಅಷ್ಟೇ. ನಡೆದು ಹತ್ತಿರ ಹೋಗಬೇಕು.

ಅವತ್ತು ಬದುವಿನ ತನಕ ನೂರೈವತ್ತು ಹೆಜ್ಜೆ ಇತ್ತು.

ಕಡೆಗೆ 4 x 6 ಇಂಚಿನಲ್ಲೇ ಪ್ರಿಂಟ್ ಹಾಕಿಸಿದೆ. ಆ ಅಳತೆಗೆ ಕಲೆ ಕಾಣುವುದಿಲ್ಲ. ಅಪ್ಪ ಅದನ್ನ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, "ಮಾರಿ ಬ್ಯಾಡ ಬಿಡು, ನಿಂತದ್ದು ಅವನಂಗೇ ಅದ" ಅಂದ. ಈಗ ಅದು ಜಗುಲಿ ಮೇಲಿದೆ.